ರಾಣಿಯಿಲ್ಲದ ಕಾಳಗ

ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳ ರಾಶಿಯಲ್ಲಿ ಒಂದು ಪತ್ರ ಬೇರೆಯಾಗಿಯೇ ಕಂಡಿತು. ಹಪ್ಪಳ ಯಾಕೆ ಕೆಂಪಾಗುತ್ತೆ ಅನ್ನೋದಲ್ಲ, ಅತ್ತೆ-ಸೊಸೆಯರ ಜಟಾಪಟಿಯಲ್ಲ, ಕೂದಲು ಉದುರುವ ಗೋಳೂ ಅಲ್ಲ. ಚದುರಂಗದ್ದು! ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿರುವ ಆ ಸೋದರಿಗೆ ಹನ್ನೊಂದು ವರ್ಷದ ಮಗಳು. ಹುಡುಗಿಗೆ ಚದುರಂಗ ಎಂದರೆ ಊಟ-ನಿದ್ದೆ ಬೇಡ. ಓರಗೆಯ ಹುಡುಗಿಯರನ್ನೆಲ್ಲ ಸೋಲಿಸಿ ಆಗಿದೆ. ಈಗ ಒಂದು ಪಂದ್ಯಾವಳಿಗೆ ಹೆಸರು ಕೊಡಬೇಕು. ಹುಡುಗಿಯರ ವಿಭಾಗಕ್ಕೋ, ಗಂಡು-ಹೆಣ್ಣು ಎಲ್ಲರೂ ಸೇರಿ ಆಡುವ ಮುಕ್ತ ವಿಭಾಗಕ್ಕೋ ಎಂಬುದು ತಾಯಿಯ ಪ್ರಶ್ನೆ.

ಹುಡುಗಿಯ ಸೋದರಮಾವ ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದಾರಂತೆ. “ಹುಡುಗಿಯರದ್ದಕ್ಕೇ ಹಾಕಕ್ಕಾ, ಒಂದು ಕಪ್ಪಾದರೂ ಸಿಗುತ್ತೆ. ಹುಡುಗರ ಮುಂದೆ ಕೂರಿಸಿ ಯಾಕೆ ಅಳಿಸ್ತೀಯ? ಚದುರಂಗ ಹೆಣ್ಣಿನ ಸ್ವಭಾವಕ್ಕೆ ಒಗ್ಗೋ ಆಟ ಅಲ್ಲ.”

ಈ ಸೋದರಮಾವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಜಗತ್ತಿನ ಅತಿ ದೊಡ್ಡ ಆಟಗಾರನೇ ಒಂದು ಕಾಲಕ್ಕೆ ಇದೇ ಮಾತು ಆಡಿದ್ದ. ಅವನಿಗೆ ಉತ್ತರ ಸಿಕ್ಕಿದ್ದು ಭಾಷಣದಿಂದಲ್ಲ, ಜಗಳದಿಂದಲೂ ಅಲ್ಲ. ಹಲಗೆಯ ಮೇಲೆ, ನಲವತ್ತೆರಡು ನಡೆಗಳಲ್ಲಿ. ಆ ಆಟದ ಕತೆಯನ್ನೇ ಈ ಸಲ ಹೇಳುತ್ತೇನೆ. ಚದುರಂಗ ಬಾರದವರು ಪುಟ ತಿರುಗಿಸಬೇಡಿ. ರಂಗೋಲಿ ಹಾಕಲು ಬರುವವರಿಗೆ ಇದು ಅರ್ಥವಾಗುತ್ತೆ.

ಮಂತ್ರಿ ಹೋಗಿ ರಾಣಿ ಬಂದಳು

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲೇ. ರಾಜನ ಪಕ್ಕದಲ್ಲಿ ನಿಲ್ಲುವ ಕಾಯಿಗೆ ನಮ್ಮ ಹಿರಿಯರು ಹೇಳುತ್ತಿದ್ದುದು ‘ಮಂತ್ರಿ’ ಎಂದು. ಈಗಲೂ ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಹಾಗೇ ಅಂತಾರೆ. ಹಳೆಯ ಆಟದಲ್ಲಿ ಆ ಮಂತ್ರಿ, ಪಾಪ, ಒಂದು ಸಲಕ್ಕೆ ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿದ್ದ. ಆಟ ಪರ್ಷಿಯಾ, ಅರಬ್ ನಾಡುಗಳನ್ನು ದಾಟಿ ಯೂರೋಪು ಸೇರಿದ ಮೇಲೆ ಮಂತ್ರಿಯ ಜಾಗಕ್ಕೆ ರಾಣಿ ಬಂದಳು. 15ನೆಯ ಶತಮಾನದ ಕೊನೆಯ ಹೊತ್ತಿಗೆ ಅವಳಿಗೆ ನೇರವಾಗಿಯೂ ಓರೆಯಾಗಿಯೂ ಎಷ್ಟು ಮನೆ ಬೇಕಾದರೂ ಓಡುವ ಬಲ ಬಂತು. ಇಟಲಿ, ಫ್ರಾನ್ಸುಗಳಲ್ಲಿ ಈ ಹೊಸ ಆಟಕ್ಕೆ ಕೆಲವರು ‘ಹುಚ್ಚು ಹಿಡಿದ ರಾಣಿಯ ಆಟ’ ಎಂದೇ ಹೆಸರಿಟ್ಟರು. ಮರದ ಹೆಣ್ಣಿಗೆ ಬಲ ಬಂದರೂ ತಡೆಯಲಿಲ್ಲ ನೋಡಿ ಅವರಿಗೆ!

ಹೀಗೆ ಹಲಗೆಯ ಮೇಲೆ ಹೆಣ್ಣೇ ಎಲ್ಲರಿಗಿಂತ ಬಲಶಾಲಿಯಾದಳು. ಆದರೆ ಹಲಗೆಯ ಮುಂದೆ ಕುರ್ಚಿಯಲ್ಲಿ ಕೂರುವುದಕ್ಕೆ ಅವಳಿಗೆ ಇನ್ನೂ ಕೆಲವು ಶತಮಾನ ಬೇಕಾಯಿತು.

ಬುಡಾಪೆಸ್ಟಿನ ಮೂವರು ಹೆಣ್ಣುಮಕ್ಕಳು

ಹಂಗೆರಿ ದೇಶದ ಬುಡಾಪೆಸ್ಟಿನಲ್ಲಿ ಲಾಸ್ಲೊ ಮತ್ತು ಕ್ಲಾರಾ ಪೋಲ್ಗಾರ್ ಎಂಬ ಶಿಕ್ಷಕ ದಂಪತಿ. ಪ್ರತಿಭೆ ಹೊಟ್ಟೆಯಿಂದ ಬರುವುದಲ್ಲ, ಬೆಳೆಸಿದರೆ ಬರುವುದು ಎಂಬುದು ಗಂಡನ ಹಟ. ಅವರಿಗೆ ಮೂವರೂ ಹೆಣ್ಣುಮಕ್ಕಳು. 1969ರಲ್ಲಿ ಸೂಸನ್, 1974ರಲ್ಲಿ ಸೋಫಿಯಾ, 1976ರಲ್ಲಿ ಜೂಡಿತ್. ಮೂವರಿಗೂ ಮನೆಯಲ್ಲೇ ಪಾಠ, ಮನೆಯಲ್ಲೇ ಚದುರಂಗ. ಅದಕ್ಕಾಗಿ ಅಧಿಕಾರಿಗಳ ಜೊತೆ ಗುದ್ದಾಡಿದ್ದೂ ಆಯಿತು. ನಿಮ್ಮ ಮಕ್ಕಳನ್ನು ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ಅವರ ಹಟ ಎಂಥದ್ದು ಅಂತ ಹೇಳಿದೆ, ಅಷ್ಟೆ.

ದೊಡ್ಡವಳು ಸೂಸನ್ ಗಂಡಸರೊಂದಿಗೇ ಆಡಿ ಹೆಂಗಸರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದಳು. ಆಗ ಏನಾಯಿತು ಗೊತ್ತೇ? 1987ರ ಜನವರಿ ಪಟ್ಟಿಯಲ್ಲಿ ವಿಶ್ವ ಚದುರಂಗ ಸಂಸ್ಥೆ ಆಟದಲ್ಲಿದ್ದ ಹೆಂಗಸರಿಗೆಲ್ಲ 100 ಅಂಕ ಹೆಚ್ಚಿಗೆ ಕೊಟ್ಟಿತು. ಸೂಸನ್ ಒಬ್ಬಳಿಗೆ ಮಾತ್ರ ಇಲ್ಲ! ಹೆಂಗಸರು ತಮ್ಮತಮ್ಮಲ್ಲೇ ಆಡುವುದರಿಂದ ಅವರ ಅಂಕ ಕಡಿಮೆಯಾಗಿ ಕಾಣುತ್ತೆ, ಸೂಸನ್ ಗಂಡಸರೊಡನೆ ಆಡಿದ್ದರಿಂದ ಅವಳ ಅಂಕ ಸರಿಯಾಗೇ ಇದೆ ಎಂಬುದು ಅವರ ಲೆಕ್ಕ. ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸಿ, ‘ನೀನು ಮನೆಯಲ್ಲೇ ಚೆನ್ನಾಗಿ ಉಂಡು ಬಂದಿದ್ದೀಯ’ ಎಂದು ಒಬ್ಬಳ ಎಲೆ ದಾಟಿ ಹೋದ ಹಾಗೆ. ಅವಳ ಮೊದಲ ಸ್ಥಾನ ಕೈತಪ್ಪಿತು.

ಅಕ್ಕನ ಪಾಡು ಕಣ್ಣಾರೆ ಕಂಡು ಬೆಳೆದವಳು ಕಿರಿಯಳು ಜೂಡಿತ್. 1988ರಲ್ಲಿ ಗ್ರೀಸಿನ ಥೆಸಲೋನಿಕಿಯಲ್ಲಿ ನಡೆದ ಚದುರಂಗ ಒಲಿಂಪಿಯಾಡಿನಲ್ಲಿ ಮೂವರು ಅಕ್ಕತಂಗಿಯರಿದ್ದ ಹಂಗೆರಿಯ ಮಹಿಳಾ ತಂಡ ಸೋವಿಯತ್ ತಂಡವನ್ನು ಹಿಂದೆ ಹಾಕಿ ಚಿನ್ನ ಗೆದ್ದಿತು. ಆಗ ಹನ್ನೆರಡು ವರ್ಷದ ಜೂಡಿತ್ 13 ಆಟಗಳಲ್ಲಿ ಹನ್ನೆರಡೂವರೆ ಅಂಕ ತೆಗೆದಳು. 1989ರ ಜನವರಿಯಲ್ಲಿ ಮಹಿಳೆಯರ ವಿಶ್ವ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದವಳು ಕಾಲು ಶತಮಾನ ಅಲ್ಲಿಂದ ಇಳಿಯಲಿಲ್ಲ. 1991ರ ಡಿಸೆಂಬರಿನಲ್ಲಿ ಹದಿನೈದು ವರ್ಷ ನಾಲ್ಕು ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, ಅಮೆರಿಕದ ಬಾಬಿ ಫಿಷರ್ 1958ರಲ್ಲಿ ಮಾಡಿದ್ದ ದಾಖಲೆಯನ್ನು ಮುರಿದಳು.

ಇಷ್ಟಾದರೂ ಮಹಿಳೆಯರ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಕೆ ಒಮ್ಮೆಯೂ ಸ್ಪರ್ಧಿಸಲಿಲ್ಲ. ಕೇಳಿದ್ದರೆ ಬಾಗಿಲಿಗೇ ಬರುತ್ತಿದ್ದ ಕಿರೀಟ! ಅವಳಿಗೆ ಬೇಕಾಗಿದ್ದದ್ದು ಬೇರೆ ಪಂಕ್ತಿಯ ಮೊದಲ ಎಲೆಯಲ್ಲ. ಎಲ್ಲರ ಪಂಕ್ತಿಯಲ್ಲಿ ತನಗೆ ಸಲ್ಲಬೇಕಾದ ಎಲೆ.

ಎದುರಿಗೆ ಕೂತವನು

ಆ ಪಂಕ್ತಿಯ ತುದಿಯಲ್ಲಿ ಕೂತಿದ್ದವನು ಗ್ಯಾರಿ ಕಾಸ್ಪರೋವ್. 1985ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದವನು. ಚದುರಂಗ ಹೆಣ್ಣಿನ ಸ್ವಭಾವಕ್ಕೆ ಒಗ್ಗಿದ್ದಲ್ಲ ಎಂಬ ಅರ್ಥದ ಮಾತನ್ನು ಸಂದರ್ಶನಗಳಲ್ಲಿ ಬಹಿರಂಗವಾಗಿಯೇ ಹೇಳಿದ್ದ.

1994ರಲ್ಲಿ ಸ್ಪೇನಿನ ಲಿನಾರೆಸ್ ಪಂದ್ಯಾವಳಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಜೂಡಿತ್‌ಗೆ ಹದಿನೇಳು ವರ್ಷ. ಆಟದ ನಡುವೆ ಕಾಸ್ಪರೋವ್ ಕುದುರೆಯನ್ನು ಒಂದು ಮನೆಗೆ ಇಟ್ಟ, ಕೈ ಬಿಟ್ಟ, ತಕ್ಷಣ ಅದು ತಪ್ಪು ಅಂತ ಹೊಳೆದು ಮತ್ತೆ ಎತ್ತಿ ಬೇರೆ ಮನೆಗೆ ಇಟ್ಟ. ಕೈ ಬಿಟ್ಟ ಮೇಲೆ ನಡೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ಅದು ನಿಯಮ. ಕಣ್ಣು ಮಿಟುಕಿಸುವಷ್ಟು ಹೊತ್ತು ಕೈ ಬಿಟ್ಟಿದ್ದನ್ನು ಸ್ಪೇನಿನ ಟೀವಿಯವರ ಕ್ಯಾಮೆರಾ ಹಿಡಿದಿತ್ತು. ಆದರೆ ಆ ಹೊತ್ತಿನಲ್ಲಿ ಜೂಡಿತ್ ಬಾಯಿ ತೆರೆಯಲಿಲ್ಲ. ಎದುರಿಗಿರುವವನು ವಿಶ್ವ ಚಾಂಪಿಯನ್, ಇವಳ ಗಡಿಯಾರದಲ್ಲಿ ಸಮಯ ಕಮ್ಮಿ, ಸಾಕ್ಷಿ ಯಾರು? ಸುಮ್ಮನೆ ಆಟ ಮುಂದುವರಿಸಿ ಸೋತಳು. ದೊಡ್ಡವರ ಮುಂದೆ, ಸರಿ ನಮ್ಮ ಕಡೆಗೇ ಇದ್ದರೂ, ಮಾತು ಗಂಟಲಲ್ಲೇ ನಿಂತುಬಿಡುವುದು ಏನೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಬರ್ಲಿನ್ ಗೋಡೆ

ಇನ್ನು ಆಟದ ಆರಂಭದ ವಿಷಯಕ್ಕೆ ಬರೋಣ. ಚದುರಂಗದವರು ‘ಓಪನಿಂಗ್’ ಅಂತಾರಲ್ಲ, ಅದು ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಏಳು ಚುಕ್ಕಿಯೋ ಹದಿನೈದು ಚುಕ್ಕಿಯೋ, ನೇರವೋ ನಡುವೋ ಎಂದು ಮೊದಲೇ ತೀರ್ಮಾನ ಆಗಬೇಕು. ಚುಕ್ಕಿ ಇಟ್ಟ ಮೇಲೆ ಎಳೆ ಎಲ್ಲಿಗೆ ಬೇಕಾದರೂ ಹೋಗುವುದಿಲ್ಲ. ಚದುರಂಗದ ಮೊದಲ ಎಂಟು-ಹತ್ತು ನಡೆಗಳೂ ಹಾಗೇ. ದೊಡ್ಡ ಆಟಗಾರರು ಇವನ್ನು ಮನೆಯಲ್ಲೇ ಕೂತು ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬರುತ್ತಾರೆ.

ಅಂಥ ಆರಂಭಗಳಲ್ಲಿ ಹೆಸರಾದದ್ದು ‘ಸ್ಪ್ಯಾನಿಷ್’. ರೂಯಿ ಲೋಪೆಜ್ ಎಂಬ ಸ್ಪೇನಿನ ಪಾದ್ರಿ 1561ರ ತನ್ನ ಪುಸ್ತಕದಲ್ಲಿ ಇದರ ವಿಚಾರ ಬರೆದಿದ್ದ. ಅದಕ್ಕೇ ಅವನ ಹೆಸರಿನಿಂದಲೂ ಕರೆಯುತ್ತಾರೆ. ಅದಕ್ಕೆ ಕಪ್ಪು ಕಾಯಿಯವರು ಕೊಡುವ ಒಂದು ಹಳೆಯ ಉತ್ತರ ‘ಬರ್ಲಿನ್ ರಕ್ಷಣೆ’.

2000ದಲ್ಲಿ ಲಂಡನ್ನಿನಲ್ಲಿ ಕಾಸ್ಪರೋವ್ ತನ್ನ ಪಟ್ಟ ಉಳಿಸಿಕೊಳ್ಳಲು ರಷ್ಯದವನೇ ಆದ ವ್ಲಾದಿಮಿರ್ ಕ್ರಾಮ್ನಿಕ್ ಜೊತೆ ಆಡಿದ. ಕಾಸ್ಪರೋವ್ ಬಿಳಿ ಕಾಯಿ ಹಿಡಿದು ಸ್ಪ್ಯಾನಿಷ್ ಹೂಡಿದಾಗ ಕ್ರಾಮ್ನಿಕ್ ಈ ಬರ್ಲಿನ್ ರಕ್ಷಣೆಯನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ ತಂದ. ಒಂದಲ್ಲ, ನಾಲ್ಕು ಆಟಗಳಲ್ಲಿ ತಂದ. ನಾಲ್ಕೂ ಡ್ರಾ. ದಾಳಿಗೆ ಹೆಸರಾದ ಕಾಸ್ಪರೋವ್ ಆ ಗೋಡೆಗೆ ತಲೆ ಚಚ್ಚಿಕೊಂಡದ್ದೇ ಬಂತು. ಆರೂವರೆ-ಎಂಟೂವರೆ ಅಂಕಗಳಲ್ಲಿ ಸೋತು, ಹದಿನೈದು ವರ್ಷದ ಪಟ್ಟ ಕಳೆದುಕೊಂಡ. ಅಂದಿನಿಂದ ಅದಕ್ಕೆ ‘ಬರ್ಲಿನ್ ಗೋಡೆ’ ಎಂಬ ಹೆಸರು ಬಿತ್ತು.

ಪಟ್ಟ ಹೋದರೂ ವಿಶ್ವ ಪಟ್ಟಿಯ ಮೊದಲ ಸ್ಥಾನ ಕಾಸ್ಪರೋವ್‌ನದೇ ಆಗಿತ್ತು. ಎರಡು ವರ್ಷ ಕಳೆದು, 2002ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ರಷ್ಯ ತಂಡಕ್ಕೂ ಉಳಿದ ಪ್ರಪಂಚದ ತಂಡಕ್ಕೂ ಪಂದ್ಯ. ಪ್ರಪಂಚದ ತಂಡದಲ್ಲಿ ನಮ್ಮ ವಿಶ್ವನಾಥನ್ ಆನಂದ್ ಇದ್ದರು, ಜೂಡಿತ್ ಇದ್ದಳು. ವೇಗದ ಆಟ; ಒಬ್ಬೊಬ್ಬರಿಗೆ 25 ನಿಮಿಷ, ಜೊತೆಗೆ ನಡೆಗೆ ಹತ್ತು ಸೆಕೆಂಡು. ಸೆಪ್ಟೆಂಬರ್ 9ರಂದು ಜೂಡಿತ್‌ಗೆ ಬಿಳಿ, ಕಾಸ್ಪರೋವ್‌ಗೆ ಕಪ್ಪು. ಜೂಡಿತ್ ಸ್ಪ್ಯಾನಿಷ್ ಹೂಡಿದಳು. ಕಾಸ್ಪರೋವ್ ಏನು ಹೂಡಿದ ಅಂತೀರಿ? ತನ್ನ ಪಟ್ಟ ಕಿತ್ತುಕೊಂಡ ಅದೇ ಬರ್ಲಿನ್ ಗೋಡೆ!

ಎಂಟು ನಡೆಗಳ ಚುಕ್ಕಿ

ಮನೆಯಲ್ಲಿ ಚದುರಂಗದ ಹಲಗೆ ಇದ್ದರೆ ತಂದು ಮುಂದಿಟ್ಟುಕೊಳ್ಳಿ. ಮೂಲೆಯಲ್ಲಿರುವುದು ಆನೆ, ಅದರ ಪಕ್ಕ ಕುದುರೆ, ಅದರ ಪಕ್ಕ ಒಂಟೆ, ನಡುವೆ ರಾಜ-ರಾಣಿ, ಮುಂದಿನ ಸಾಲಿನಲ್ಲಿ ಎಂಟು ಕಾಲಾಳುಗಳು. ಕೆಲವು ಮನೆಗಳಲ್ಲಿ ಆನೆ-ಒಂಟೆಯ ಹೆಸರು ಅದಲುಬದಲು ಇರುತ್ತೆ. ಜಾಗ ನೋಡಿಕೊಂಡರೆ ಸಾಕು.

1. ಬಿಳಿಯವಳು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟಳು. ಕಪ್ಪಿನವನೂ ಹಾಗೇ ಮಾಡಿದ. ಇಬ್ಬರು ಕಾಲಾಳುಗಳೂ ಮುಖಾಮುಖಿ.

2. ರಾಜನ ಕಡೆಯ ಬಿಳಿ ಕುದುರೆ ಒಳಮುಖವಾಗಿ ಹಾರಿ ಬಂದು ಕಪ್ಪು ಕಾಲಾಳಿನ ಮೇಲೆ ಕಣ್ಣು ಹಾಕಿತು. ರಾಣಿಯ ಕಡೆಯ ಕಪ್ಪು ಕುದುರೆ ಬಂದು ಅವನಿಗೆ ಕಾವಲು ನಿಂತಿತು.

3. ಬಿಳಿ ಒಂಟೆ ಓರೆಯಾಗಿ ಓಡಿ ಬಂದು ಆ ಕಾವಲು ಕುದುರೆಯನ್ನೇ ಗುರಿ ಹಿಡಿಯಿತು. ಇದೇ ಸ್ಪ್ಯಾನಿಷ್. ಕಪ್ಪಿನವನು ಇನ್ನೊಂದು ಕುದುರೆ ಹೊರತೆಗೆದು ಬಿಳಿ ಕಾಲಾಳಿಗೆ ಗುರಿಯಿಟ್ಟ. ಇದೇ ಬರ್ಲಿನ್.

4. ಕಾಲಾಳು ಹೋದರೆ ಹೋಗಲಿ ಎಂದು ಬಿಳಿಯವಳು ರಾಜನನ್ನು ಮೂಲೆಗೆ ಸರಿಸಿ ಕೋಟೆ ಕಟ್ಟಿಕೊಂಡಳು. ಕಪ್ಪು ಕುದುರೆ ಆ ಕಾಲಾಳನ್ನು ಹೊಡೆಯಿತು.

5. ಬಿಳಿ ರಾಣಿಯ ಮುಂದಿನ ಕಾಲಾಳು ಎರಡು ಮನೆ ನಡೆದ. ಕಪ್ಪು ಕುದುರೆ ತನ್ನ ರಾಣಿಯ ಮುಂದಿನ ಕಾಲಾಳಿಗೆ ಅಡ್ಡವಾಗಿ ಬಂದು ನಿಂತು ಒಂಟೆಯನ್ನು ಹೆದರಿಸಿತು.

6. ಹೇಗೂ ಹೋಗುವ ಒಂಟೆ ಸುಮ್ಮನೆ ಹೋಗುವುದೇಕೆ? ಕಾವಲು ಕುದುರೆಯನ್ನು ಹೊಡೆದೇ ಹೋಯಿತು. ಕಪ್ಪು ರಾಣಿಯ ಮುಂದಿನ ಕಾಲಾಳು ಅದನ್ನು ಓರೆಯಾಗಿ ಹೊಡೆದ.

7. ಬಿಳಿ ಕಾಲಾಳು ಓರೆಯಾಗಿ ಹೋಗಿ ಕಪ್ಪು ಕಾಲಾಳನ್ನು ಹೊಡೆದು ಉಳಿದ ಕುದುರೆಯನ್ನೂ ಬೆದರಿಸಿದ. ಕುದುರೆ ರಾಜನ ಒಂಟೆಯ ಸಾಲಿಗೆ ಜಿಗಿಯಿತು.

8. ಈಗ ಎರಡು ರಾಣಿಯರ ನಡುವೆ ದಾರಿ ಬಯಲು. ಬಿಳಿ ರಾಣಿ ಕಪ್ಪು ರಾಣಿಯನ್ನು ಹೊಡೆದಳು. ಕಪ್ಪು ರಾಜ ಬಿಳಿ ರಾಣಿಯನ್ನು ಹೊಡೆದ.

ಎಂಟೇ ನಡೆಗೆ ಇಬ್ಬರು ರಾಣಿಯರೂ ಡಬ್ಬಿ ಸೇರಿದರು. ಈಗ ಮನೆಯ ಲೆಕ್ಕ ನೋಡಿ. ಕಪ್ಪಿನವನಿಗೆ ಎರಡೂ ಒಂಟೆಗಳಿವೆ, ಅದು ಲಾಭ. ಆದರೆ ಅವನ ರಾಜ ಹೆಜ್ಜೆ ಎತ್ತಿಟ್ಟಾಗಿದೆ, ಇನ್ನು ಕೋಟೆ ಕಟ್ಟುವ ಹಾಗಿಲ್ಲ. ರಾಜ ನಡುಮನೆಯಲ್ಲೇ ನಿಂತರೆ ಎರಡು ಮೂಲೆಗಳ ಆನೆಗಳು ಒಂದಕ್ಕೊಂದು ಜೊತೆಯಾಗುವುದು ಕಷ್ಟ. ಇಬ್ಬರು ಕಾಲಾಳುಗಳು ಒಂದೇ ಸಾಲಿನಲ್ಲಿ ಒಬ್ಬನ ಬೆನ್ನಿಗೊಬ್ಬ ನಿಂತಿದ್ದಾರೆ. ರಾಜನ ಕಡೆ ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಮೂರು. ಬಿಳಿಯವಳಿಗೆ ಇರುವ ಲಾಭ ಇಷ್ಟೇ, ಚಿಟಿಕೆಯಷ್ಟು. ಅದನ್ನೇ ಹಿಡಿದು ಸಂಸಾರ ತೂಗಿಸಬೇಕು.

ಜೂಡಿತ್ ಹೆಸರಾದದ್ದು ಮೈಮೇಲೆ ಬೀಳುವ ದಾಳಿಯ ಆಟಕ್ಕೆ. ರಾಣಿಯರು ಹಲಗೆಯ ಮೇಲಿದ್ದರೆ ಆಕೆ ಬೆಂಕಿ. ರಾಣಿಯರೇ ಇಲ್ಲದ ಮೇಲೆ ಬೆಂಕಿ ಎಲ್ಲಿಂದ ಬರಬೇಕು? ಇಲ್ಲಿ ಬೇಕಾದದ್ದು ತಾಳ್ಮೆ, ಲೆಕ್ಕ, ಒಂದೊಂದೇ ಮನೆ ಸರಿಯುವ ಸಣ್ಣ ಕೆಲಸ. ಕಾಸ್ಪರೋವ್‌ನೇ ಎರಡು ವರ್ಷದ ಹಿಂದೆ ಬಿಳಿ ಹಿಡಿದು ಮಾಡಲಾಗದೆ ಹೋದ ಕೆಲಸವದು.

ಮುಂದೇನಾಯಿತು?

ಜೂಡಿತ್ ಅವಸರ ಮಾಡಲಿಲ್ಲ. ಮೊದಲು ಆನೆಯಿಂದ ಚೆಕ್ ಕೊಟ್ಟು ಕಪ್ಪು ರಾಜನನ್ನು ಅವನ ಹಳೆಯ ಮನೆಗೇ ವಾಪಸು ಕಳಿಸಿದಳು. ತನ್ನ ಒಂದು ಕುದುರೆಗೆ ಅವನ ಕುದುರೆಯನ್ನು ತೆಗೆದುಕೊಂಡಳು. ಉಳಿದ ಕುದುರೆಯನ್ನು ಹಲಗೆಯ ನಡುವಿಗೆ ತಂದಳು. 18ನೆಯ ನಡೆಗೆ ಆ ಕುದುರೆ ಕಪ್ಪಿನವನ ಅಂಗಳಕ್ಕೇ ಬಂದು ನಿಂತಿತು. ಅದಕ್ಕೆ ಹೆದರಿ ಕಪ್ಪು ಒಂಟೆ ತಾನು ಹುಟ್ಟಿದ ಮನೆಗೇ ವಾಪಸು ಹೋಯಿತು. ಆಗಿನ ಕಪ್ಪು ಸೈನ್ಯ ನೋಡಿ: ರಾಜ ತನ್ನ ಮನೆಯಲ್ಲಿ, ಎರಡೂ ಆನೆ ಮೂಲೆಯಲ್ಲಿ, ಒಂದು ಒಂಟೆ ತವರಲ್ಲಿ. ಇನ್ನೊಂದು ಒಂಟೆ ಮಾತ್ರ ಹೊರಗೆ. ಹದಿನೆಂಟು ನಡೆ ಆಡಿದ ಮೇಲೂ ಆಟವೇ ಶುರುವಾಗಿಲ್ಲವೇನೋ ಅನ್ನುವ ಹಾಗೆ! ಜಗತ್ತಿನ ಮೊದಲ ಆಟಗಾರನ ಸ್ಥಿತಿಯಿದು.

ಇತ್ತ ಜೂಡಿತ್‌ಳ ರಾಜ ಕೋಟೆಯಲ್ಲಿ ಅಡಗಿ ಕೂರಲಿಲ್ಲ. ರಾಣಿಯರಿಲ್ಲದ ಹಲಗೆಯಲ್ಲಿ ರಾಜನಿಗೆ ಅಪಾಯ ಕಮ್ಮಿ, ಕೆಲಸ ಜಾಸ್ತಿ. ಹಬ್ಬದ ದಿನ ಕೆಲಸದವರು ಬಾರದಿದ್ದರೆ ಯಜಮಾನರೂ ಸೆರಗು ಸಿಕ್ಕಿಸಬೇಕಾಗುತ್ತಲ್ಲ, ಹಾಗೆ ಅವನೇ ಹೊರಬಂದ. ಕಾಸ್ಪರೋವ್ ಆ ಕುದುರೆಯ ಕಾಟ ತಾಳಲಾರದೆ ತನ್ನ ಒಂಟೆ ಕೊಟ್ಟು ಅದನ್ನು ತೆಗೆದ. ಉಳಿದ ಒಂಟೆಗಳೂ ಹೊಡೆದಾಡಿಕೊಂಡು ಹೋದವು. ಈಗ ಇಬ್ಬರಿಗೂ ಎರಡೆರಡು ಆನೆ, ಒಬ್ಬೊಬ್ಬ ರಾಜ, ಒಂದಷ್ಟು ಕಾಲಾಳು. 31ನೆಯ ನಡೆಯಲ್ಲಿ ಜೂಡಿತ್‌ಳ ಆನೆ ಒಬ್ಬ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಚಿಟಿಕೆ ಲಾಭ ಈಗ ಹಿಡಿಯಾಯಿತು.

ಕಾಸ್ಪರೋವ್ ಬಿಟ್ಟುಕೊಡುವ ಆಸಾಮಿಯಲ್ಲ. ಆನೆಯಿಂದ ಒಂದಾದ ಮೇಲೊಂದು ಚೆಕ್ ಕೊಟ್ಟ. ಬಿಳಿ ರಾಜ ಹಿಂದೆ ಓಡಿ ಅಡಗಬಹುದಾಗಿತ್ತು. 35ನೆಯ ನಡೆಯಲ್ಲಿ ಅವನು ಮುಂದಕ್ಕೇ ನಡೆದು ಹಲಗೆಯ ನಟ್ಟನಡುವೆ ಬಂದು ನಿಂತ! ಅಲ್ಲಿಂದಾಚೆ ಜೂಡಿತ್ ತನ್ನ ಎರಡೂ ಆನೆಗಳನ್ನು ಕಪ್ಪಿನವನ ಹಿತ್ತಿಲಿಗೆ ನುಗ್ಗಿಸಿದಳು. ಏಳನೆಯ ಸಾಲಿನಲ್ಲಿ ಜೋಡಿ ಆನೆ ನಿಂತರೆ ಕಬ್ಬಿನ ಗದ್ದೆಗೆ ನುಗ್ಗಿದಂತೆಯೇ ಸರಿ. ಕಾಲಾಳುಗಳು ಒಬ್ಬೊಬ್ಬರಾಗಿ ಬೀಳುವುದೊಂದೇ ಬಾಕಿ. 42ನೆಯ ನಡೆಯಾದ ಮೇಲೆ ಕಾಸ್ಪರೋವ್ ಸೋಲೊಪ್ಪಿದ.

ವಿಶ್ವ ಪಟ್ಟಿಯ ಮೊದಲ ಸ್ಥಾನದಲ್ಲಿರುವ ಆಟಗಾರನನ್ನು ಸ್ಪರ್ಧೆಯ ಆಟದಲ್ಲಿ ಒಬ್ಬ ಹೆಣ್ಣು ಸೋಲಿಸಿದ್ದು ಅದೇ ಮೊದಲು. ಒಟ್ಟು ಪಂದ್ಯವನ್ನೂ ಪ್ರಪಂಚದ ತಂಡ 52-48ರಲ್ಲಿ ಗೆದ್ದಿತು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಇದು ವೇಗದ ಆಟ. ಗಂಟೆಗಟ್ಟಲೆ ನಡೆಯುವ ದೀರ್ಘ ಆಟದಲ್ಲಿ ಆಕೆ ಕಾಸ್ಪರೋವ್‌ನನ್ನು ಗೆದ್ದದ್ದಿಲ್ಲ. ಅವನ ಕೈಲಿ ಸೋತದ್ದು ಎಷ್ಟೋ ಸಲ. ಆದರೆ ಸ್ವಭಾವಕ್ಕೇ ಒಗ್ಗದ ಕೆಲಸ ಎಂದರೆ ಒಂದು ಸಲವೂ ಆಗಬಾರದು ತಾನೆ? ಅದೂ ಯಾವ ಆಟದಲ್ಲಿ ಗೆದ್ದಳು ನೋಡಿ. ಎದುರಾಳಿ ಆರಿಸಿದ ರಕ್ಷಣೆಯಲ್ಲಿ, ತನ್ನ ಬಲದ ಕಾಯಿ ಹೋದ ಮೇಲೆ, ಮಿಂಚು-ಗುಡುಗು ಏನೂ ಇಲ್ಲದೆ. ಅದೃಷ್ಟ ಅಂತ ತಳ್ಳಿಹಾಕುವುದಕ್ಕೆ ಅವಳು ಜಾಗವನ್ನೇ ಬಿಡಲಿಲ್ಲ.

ಕಾಸ್ಪರೋವ್ ಕೂಡ ದೊಡ್ಡ ಮನುಷ್ಯನೇ ಅನ್ನಬೇಕು. 2007ರಲ್ಲಿ ಬಂದ ತನ್ನ ಪುಸ್ತಕದಲ್ಲಿ, ಹೆಣ್ಣಿಗೆ ಹುಟ್ಟಿನಿಂದ ಬಂದ ಮಿತಿ ಏನೂ ಇಲ್ಲ ಎಂದು ಪೋಲ್ಗಾರ್ ಸೋದರಿಯರು ತೋರಿಸಿಕೊಟ್ಟರು ಎಂಬ ಅರ್ಥದಲ್ಲಿ ಬರೆದ. ಜೂಡಿತ್ 2004ರಲ್ಲಿ ಮಗನನ್ನು ಹೆತ್ತಳು. ಬಾಣಂತನ ಮುಗಿಸಿ ಮತ್ತೆ ಆಟಕ್ಕೆ ಬಂದವಳು 2005ರಲ್ಲಿ 2735 ರೇಟಿಂಗ್ ಮುಟ್ಟಿದಳು; ಅದು ಅವಳ ಜೀವನದ ಅತಿ ದೊಡ್ಡ ಅಂಕ. ‘ಮಗುವಾಯಿತು, ಇನ್ನೇನು ಮುಗೀತು’ ಅನ್ನುವವರಿಗೆ ಇದನ್ನೂ ಹೇಳಿ. 2014ರಲ್ಲಿ ಸ್ಪರ್ಧೆಯ ಆಟದಿಂದ ನಿವೃತ್ತಳಾದಳು.

ನಮ್ಮ ಹುಡುಗಿಯರು

ನಮ್ಮಲ್ಲಿ ಈ ಜಗಳ ಇನ್ನೂ ಹಳೆಯದು. 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲ ರಾಷ್ಟ್ರೀಯ ಮಹಿಳಾ ಚದುರಂಗ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದವಳು ಮುಂಬಯಿಯ ವಾಸಂತಿ ಖಾಡಿಲ್ಕರ್. ಅವಳ ತಂಗಿ ರೋಹಿಣಿ 1976ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಗಂಡಸರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಕೂತಾಗ ದೊಡ್ಡ ಗದ್ದಲವಾಯಿತು. ಮಾತು ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಚದುರಂಗ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ಚಾಂಪಿಯನ್‌ಶಿಪ್‌ಗಳಿಂದ ಹೆಂಗಸರನ್ನು ಹೊರಗಿಡುವ ಹಾಗಿಲ್ಲ ಎಂದು ತೀರ್ಪಿತ್ತರು. ಇವತ್ತು ಆ ಪತ್ರ ಬರೆದ ತಾಯಿಯ ಮುಂದೆ ಎರಡು ಅರ್ಜಿಗಳಿವೆ ಎಂದರೆ, ಎರಡನೆಯದರ ಹಿಂದೆ ರೋಹಿಣಿಯಂಥವರ ಹಟವೂ ಇದೆ.

ಜೂಡಿತ್ ಕಾಸ್ಪರೋವ್‌ನನ್ನು ಸೋಲಿಸಿದ 2002ರಲ್ಲೇ ಆಂಧ್ರದ ಕೊನೇರು ಹಂಪಿ ಹದಿನೈದು ವರ್ಷ ತುಂಬಿ ಎರಡು ತಿಂಗಳಾಗುವುದರೊಳಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, ಹುಡುಗಿಯರಲ್ಲಿ ಜೂಡಿತ್ ಮಾಡಿದ್ದ ದಾಖಲೆಯನ್ನು ಮುರಿದಳು. 2025ರ ಜುಲೈನಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನ ಫೈನಲ್‌ನಲ್ಲಿ ಆಡಿದವರಿಬ್ಬರೂ ನಮ್ಮವರೇ. ನಾಗಪುರದ ಹತ್ತೊಂಬತ್ತರ ದಿವ್ಯಾ ದೇಶಮುಖ್ ಇದೇ ಹಂಪಿಯನ್ನು ಸೋಲಿಸಿ ಕಪ್ಪು ಗೆದ್ದು, ಅಲ್ಲೇ ಗ್ರ್ಯಾಂಡ್‌ಮಾಸ್ಟರ್ ಕೂಡ ಆದಳು.

ಇನ್ನು ಸೋದರಿಯ ಪ್ರಶ್ನೆಗೆ

ಹುಡುಗಿಯ ಹೆಸರನ್ನು ಮುಕ್ತ ವಿಭಾಗಕ್ಕೆ ಕೊಡಿ. ಓರಗೆಯವರನ್ನೆಲ್ಲ ಸೋಲಿಸಿ ಆದವಳಿಗೆ ತನಗಿಂತ ಬಲವಾದವರು ಬೇಕು. ಅವರು ಹುಡುಗರೋ ಹುಡುಗಿಯರೋ ಹಲಗೆಗೆ ಗೊತ್ತಾಗುವುದಿಲ್ಲ. ಹಾಗಂತ ಹುಡುಗಿಯರ ಪಂದ್ಯಾವಳಿಗಳನ್ನು ಹಗುರವಾಗಿ ಕಾಣಬೇಡಿ. ಅಲ್ಲಿ ಗೆಳತಿಯರು ಸಿಗುತ್ತಾರೆ, ಧೈರ್ಯ ಬರುತ್ತೆ. ಹಂಪಿ, ದಿವ್ಯಾ ಎರಡೂ ಕಡೆ ಆಡಿಯೇ ಬೆಳೆದವರು. ಅದು ಮೆಟ್ಟಿಲಾಗಲಿ, ಬೇಲಿಯಾಗದಿರಲಿ.

ಸೋತು ಬಂದ ದಿನ ‘ನಾನು ಆಗಲೇ ಹೇಳಲಿಲ್ಲವಾ’ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು. ಸೋದರಮಾವನಿಗೆ ಮೊದಲೇ ಹೇಳಿಡಿ. ಆಡಿದ ನಡೆಗಳನ್ನು ಅವಳು ಬರೆದುಕೊಂಡು ಬಂದಿರುತ್ತಾಳೆ. ಊಟವಾದ ಮೇಲೆ ಹಲಗೆ ಹಾಸಿ, ಎಲ್ಲಿ ದಾರಿ ತಪ್ಪಿತು ಅಂತ ನಿಮಗೆ ತೋರಿಸಲಿ. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಬಾಯಿಬಿಟ್ಟು ಹೇಳುವಾಗಲೇ ಅವಳಿಗೆ ತಪ್ಪು ಹೊಳೆಯುತ್ತೆ.

ಇನ್ನೊಂದನ್ನು ಮರೆಯದೆ ಕಲಿಸಿ. ಎದುರಿನವರು ಮುಟ್ಟಿದ ಕಾಯಿ ಬಿಟ್ಟು ಬೇರೆ ಆಡಿದರೆ, ಕೈ ಬಿಟ್ಟ ಕಾಯಿಯನ್ನು ಮತ್ತೆ ಎತ್ತಿದರೆ, ತಾನು ಇನ್ನೊಂದು ಕಾಯಿ ಮುಟ್ಟುವ ಮುಂಚೆಯೇ ಗಡಿಯಾರ ನಿಲ್ಲಿಸಬೇಕು, ಕೈ ಎತ್ತಿ ತೀರ್ಪುಗಾರರನ್ನು ಕರೆಯಬೇಕು. ಕೂಗಾಡಬೇಕಾಗಿಲ್ಲ, ಅಳಬೇಕಾಗಿಲ್ಲ, ‘ಸಾರ್, ಇಲ್ಲಿ ಬನ್ನಿ’ ಅಂದರೆ ಸಾಕು. ಎದುರಿಗೆ ಕೂತವರು ಎಷ್ಟೇ ದೊಡ್ಡವರಾಗಿರಲಿ. ಈ ಪಾಠ ಚದುರಂಗದ ಹಲಗೆಗೆ ಮಾತ್ರ ಅಲ್ಲ, ಮುಂದೆ ಆಫೀಸಿಗೂ ಬಸ್ಸಿಗೂ ಮದುವೆಯ ಮಾತುಕತೆಗೂ ಬರುತ್ತೆ. ಹನ್ನೊಂದನೆಯ ವಯಸ್ಸಿಗೇ ಅಭ್ಯಾಸವಾದರೆ ಒಳ್ಳೆಯದೇ.

ಇನ್ನು ನಮ್ಮ ಉಳಿದ ಓದುಗ ಸೋದರಿಯರಿಗೆ ಒಂದು ಕೆಲಸ. ಮಧ್ಯಾಹ್ನ ಪಾತ್ರೆ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮೇಲಿನ ಎಂಟು ನಡೆಗಳನ್ನು ನೀವೇ ಹಲಗೆಯ ಮೇಲೆ ಆಡಿ ನೋಡಿ. ರಾಣಿಯರಿಬ್ಬರೂ ಹೊರಗೆ ಹೋದ ಮೇಲೆ ಉಳಿದದ್ದನ್ನು ಒಮ್ಮೆ ದಿಟ್ಟಿಸಿ. ‘ಇಷ್ಟರಲ್ಲಿ ಗೆಲ್ಲೋದು ಹೇಗೆ?’ ಅಂತ ಅನ್ನಿಸುತ್ತೆ. ತಿಂಗಳ ಕೊನೆಯ ವಾರ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುವಾಗ ನಮಗೆಲ್ಲ ಹಾಗೇ ಅನ್ನಿಸೋದು. ಆದರೂ ಅಡುಗೆ ಆಗುತ್ತಲ್ಲವೇ? ಆ ಲೆಕ್ಕಾಚಾರ ಬಲ್ಲ ಕೈಗೆ ಈ ಆಟ ಒಗ್ಗುವುದಿಲ್ಲ ಎಂದವರು ಯಾರು?